ಮಡಿ ಸೀರೆಯ ಕಾವಲು

ನಮ್ಮ ಮನೆಯ ದೇವರ ಕೋಣೆಯ ವಾಸನೆ ನನಗೆ ಆಗುತ್ತಿರಲಿಲ್ಲ. ಬಂದವರೆಲ್ಲ ಊದುಬತ್ತಿ, ಕರ್ಪೂರ ಎಂದು ಮೂಗರಳಿಸುತ್ತಿದ್ದರು. ನನ್ನ ಮೂಗಿಗೆ ಮೊದಲು ಹತ್ತುತ್ತಿದ್ದದ್ದು ಅದರ ಅಡಿಯಲ್ಲಿದ್ದ ಹುಳಿ. ಅಭಿಷೇಕದ ಹಾಲು ಬಚ್ಚಲ ಕಿಂಡಿಯ ಸಂದಿಯಲ್ಲಿ ಒಡೆದು ನಿಂತಿರುತ್ತಿತ್ತು. ಮೂಲೆಯಲ್ಲಿ ನಿನ್ನೆಯ ಸೇವಂತಿಗೆ ಕೊಳೆತು ಕಂದು ನೀರು ಬಿಟ್ಟಿರುತ್ತಿತ್ತು. ಪಂಚಾಮೃತದ ಬಟ್ಟಲಿನಲ್ಲಿ ಬಾಳೆಹಣ್ಣಿನ ಚೂರು ಯಾವುದು, ನೊಣ ಯಾವುದು ಎಂದು ನೋಡಿ ನೋಡಿ ತೆಗೆದುಕೊಳ್ಳಬೇಕು. ತೀರ್ಥವನ್ನು ಎಲ್ಲರೂ ಅಂಗೈಯಿಂದ ಸುರ್ರೆಂದು ಹೀರಿ, ಒದ್ದೆ ಕೈಯನ್ನು ಎಣ್ಣೆ ತಲೆಗೆ ಒರೆಸಿ, ಅದೇ ಕೈಯನ್ನು ಪ್ರಸಾದಕ್ಕೆ ಒಡ್ಡುತ್ತಿದ್ದರು. ನಾನು ತೀರ್ಥವನ್ನು ಬೆರಳ ಸಂದಿಯಿಂದ ನೆಲಕ್ಕೆ ಬಿಟ್ಟು, ಬರಿಯ ಅಂಗೈಯನ್ನು ಬಾಯಿಗೆ ತೋರಿಸಿ ಎದ್ದು ಬರುತ್ತಿದ್ದೆ.

ಚಳ್ಳಕೆರೆಯಲ್ಲಿ ನಮ್ಮದು ಕಡಲೆಕಾಯಿ ಎಣ್ಣೆಯ ವ್ಯಾಪಾರದ ಮನೆ. ಹಿತ್ತಲಿನ ಗೋದಾಮಿನಲ್ಲಿ ಹಿಂಡಿಯ ಚೀಲಗಳು, ಅವುಗಳ ಕಮಟು ವಾಸನೆ. ಅದು ನಮ್ಮ ಹಾಸಿಗೆ ಬಟ್ಟೆಗೂ ಪಠ್ಯಪುಸ್ತಕಗಳಿಗೂ ಮೆತ್ತಿರುತ್ತಿತ್ತು. ಇಂಥ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟು ಹೇಸಿಗೆ ಎಲ್ಲಿಂದ ಬಂತೋ ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಇನ್ನೊಬ್ಬರು ಕುಡಿದ ಲೋಟ, ಇನ್ನೊಬ್ಬರು ಮಲಗಿದ ದಿಂಬು, ಬಸ್ಸಿನ ಕಿಟಕಿಯ ಸರಳು, ಯಾವುದನ್ನೂ ನಾನು ಮನಸ್ಸಿಟ್ಟು ಮುಟ್ಟಿದವಳಲ್ಲ.

ಅಜ್ಜಿಯದು ಬೇರೆ ಬಗೆ. ಅವಳಿಗೆ ಹೊಲಸು ಎಂದರೆ ಅಸಹ್ಯವಿಲ್ಲ, ಮೈಲಿಗೆ ಎಂದರೆ ಮಾತ್ರ ನಡುಕ. ಒಡೆದ ಹಾಲಿನ ಪಕ್ಕದಲ್ಲೇ ಕುಳಿತು ಪೂಜೆ ಮಾಡುತ್ತಾಳೆ, ಆದರೆ ತನ್ನ ನೀರಿನ ಕೊಡಕ್ಕೆ ನಮ್ಮ ನೆರಳು ಸೋಕಿದರೂ ಚೆಲ್ಲುತ್ತಾಳೆ. ಹಾಲಿನವನು ಕೊಟ್ಟ ಹಾಲಿಗೆ ಒಂದು ತುಳಸಿ ಎಲೆ ಬಿಟ್ಟ ಮೇಲೆಯೇ ಅದು ಒಳಗೆ ಬರಬೇಕು. ಮೊಮ್ಮಕ್ಕಳಲ್ಲಿ ಯಾರಾದರೂ ಕಚ್ಚಿದ ಹಣ್ಣನ್ನು ಅವಳತ್ತ ಚಾಚಿದರೆ ಕೋಲು ಎತ್ತುತ್ತಿದ್ದಳು. ನಾವಿಬ್ಬರೂ ಒಂದೇ ಸೂರಿನಡಿ ಹೇಗೋ ಹೊಂದಿಕೊಂಡಿದ್ದೆವು. ಅವಳ ಮಡಿ ಕಂಡರೆ ನನಗೆ ಸಿಟ್ಟು, ನನ್ನ ಹೇಸಿಗೆ ಕಂಡರೆ ಅವಳಿಗೆ ನಗು.

ಡಿಗ್ರಿಯ ಕೊನೆಯ ವರ್ಷ ನನಗೆ ಟೈಫಾಯ್ಡ್ ಬಂತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೂ ಜ್ವರ ಬಿಡಲಿಲ್ಲ. ಅವ್ವ ಅಳುವುದರಲ್ಲಿ ತೊಡಗಿದ್ದಳು, ಗಂಜಿ ಕುಡಿಸುವ ಕೆಲಸವನ್ನು ಅಜ್ಜಿ ಹಿಡಿದಳು. ಪ್ರತಿ ಚಮಚವನ್ನೂ ಮೊದಲು ತನ್ನ ತುಟಿಗೆ ತಾಗಿಸಿ, ಬಿಸಿ ನೋಡಿ, ಆಮೇಲೆ ನನ್ನ ಬಾಯಿಗೆ ಇಡುತ್ತಿದ್ದಳು. ಯಾರ ಎಂಜಲನ್ನೂ ಮುಟ್ಟದ ಮುದುಕಿ ಚಮಚವನ್ನು ಒಮ್ಮೆ ತನ್ನ ತುಟಿಗೆ, ಒಮ್ಮೆ ನನ್ನ ತುಟಿಗೆ ಆಡಿಸುತ್ತಿದ್ದದ್ದು ಆಗ ನನಗೆ ಹೊಳೆಯಲಿಲ್ಲ. ನನಗೆ ಕಂಡದ್ದು ಅವಳ ಮೇಲ್ತುಟಿಯ ಬೆವರು ಮತ್ತು ಗಂಜಿಯ ಮೇಲೆ ಕಟ್ಟಿದ ಕೆನೆ. ಅಷ್ಟು ಜ್ವರದಲ್ಲೂ ಹೇಸಿದೆ, ಶಕ್ತಿಯಿಲ್ಲದ್ದರಿಂದ ನುಂಗಿದೆ.

ನಾನು ಎದ್ದು ಕುಳಿತ ಮೇಲೆ ಹರಕೆಯ ವಿಷಯ ಹೊರಬಿತ್ತು. ಹುಡುಗಿ ಉಳಿದರೆ ಮನೆದೇವತೆಗೆ ಮೊಳಕಾಲ್ಮೂರಿನ ಮಡಿ ಸೀರೆ ಉಡಿಸುತ್ತೇನೆ, ಸೀರೆ ದೇವಿಯ ಮೈಮೇಲೆ ಏರುವ ತನಕ ಒಲೆಯ ಮೇಲೆ ಬೆಂದದ್ದನ್ನು ಬಾಯಿಗೆ ಇಡುವುದಿಲ್ಲ ಎಂದು ಅಜ್ಜಿ ಹೇಳಿಕೊಂಡಿದ್ದಳು. ಅಂಗಡಿಯ ಸೀರೆ ನಡೆಯದು. ಹೇಳಿ ನೇಯಿಸಬೇಕು, ನೇಯುವವನು ಸ್ನಾನ ಮಾಡಿ ಮಗ್ಗಕ್ಕೆ ಕೂರಬೇಕು, ಎಂಜಲು ತಾಗಬಾರದು. ಅಪ್ಪ ಮೊಳಕಾಲ್ಮೂರಿನ ಒಬ್ಬ ನೇಕಾರನಿಗೆ ಹೇಳಿಬಂದ. ಅಜ್ಜಿ ಅಂದಿನಿಂದ ಬಾಳೆಹಣ್ಣು, ನೆನೆಸಿದ ಕಡಲೆಬೇಳೆ, ಹಸಿ ಹಾಲಿನಲ್ಲೇ ದಿನ ದೂಡತೊಡಗಿದಳು. ಹತ್ತಿರ ಬಂದರೆ ಅವಳ ಉಸಿರೇ ಹಸಿ ಹಾಲಿನ ಹಾಗೆ ನಾರುತ್ತಿತ್ತು.

ಸೀರೆ ಬಂತು. ಮರದ ಮಣೆಯ ಮೇಲೆ ಮಡಿಕೆ ಬಿಡಿಸಿ ನೋಡುವಾಗ ಸೆರಗಿನ ಹತ್ತಿರ ಸಾಸಿವೆಯಷ್ಟು ಕಂದು ಕಲೆ ಕಂಡಿತು. ಅಜ್ಜಿ ಬಗ್ಗಿ ಮೂಸಿದಳು. ಹೊಗೆಸೊಪ್ಪು. ಆಮೇಲೆ ಆ ಸೀರೆಯನ್ನು ಕೈಯಿಂದ ಮುಟ್ಟಲೂ ಇಲ್ಲ, ಕೋಲಿನ ತುದಿಯಿಂದ ಹೊಸ್ತಿಲಾಚೆ ತಳ್ಳಿದಳು. ಒಗೆದರಾಯಿತು ಎಂದ ಅವ್ವನಿಗೂ, ಬೇರೆ ತರುತ್ತೇನೆ ಊಟ ಮಾಡು ಎಂದ ಅಪ್ಪನಿಗೂ ಒಂದೇ ಉತ್ತರ.

"ಉಗುಳಿದ್ ಸೀರೆ ಉಡಿಸಿ ನಾನು ಅನ್ನ ಉಣ್ಣಲಾ?"

ದಿನ ಹೋದಂತೆ ಮುದುಕಿ ಕರಗತೊಡಗಿದಳು. ಕೊರಳಿನ ಬೆಳ್ಳಿ ತಾಯಿತ ಎದೆಯ ಮೂಳೆಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಎರಡನೆಯ ಸೀರೆಗೆ ಅಪ್ಪ ಅದೇ ನೇಕಾರನಿಗೆ ಮತ್ತೆ ಹೇಳಿಬಂದಾಗ ಅಜ್ಜಿ ಹೊಸ ಷರತ್ತು ಹಾಕಿದಳು: ಈ ಸಲ ಮಗ್ಗದ ಪಕ್ಕ ನಮ್ಮವರೊಬ್ಬರು ಕುಳಿತು ಕಾಯಬೇಕು. ಪರೀಕ್ಷೆ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದವಳು ನಾನೊಬ್ಬಳೇ. ಇವಳ ಕಣ್ಣಿಗೆ ಬೀಳದ ಹೊಲಸು ಈ ತಾಲ್ಲೂಕಿನಲ್ಲೇ ಇಲ್ಲ ಎಂದು ಅಜ್ಜಿ ನನ್ನ ಹೆಸರನ್ನೇ ಹಿಡಿದಳು. ಜೀವಮಾನದಲ್ಲಿ ನನ್ನ ಹೇಸಿಗೆಗೆ ಸಿಕ್ಕ ಮೊದಲ ಮರ್ಯಾದೆ ಅದು.

ತಳಕು ಎಂಬ ಊರು ದಾಟುವಷ್ಟರಲ್ಲಿ ಮೊಳಕಾಲ್ಮೂರಿನ ಬಸ್ಸಿನಲ್ಲಿ ಮುಂದಿನ ಸೀಟಿನವನು ಕಿಟಕಿಯಾಚೆ ಗುಟ್ಕಾ ಉಗಿದ. ಗಾಳಿಗೆ ಅದರ ಹನಿ ಹಿಂದಕ್ಕೆ ಬಂದು ನನ್ನ ದುಪಟ್ಟಾದ ಮೇಲೆ ಕುಳಿತಿತು. ಮೊಳಕಾಲ್ಮೂರಿನಲ್ಲಿ ಸೋದರತ್ತೆಯ ಮನೆ ಸೇರಿದವಳೇ ಅದನ್ನು ಬಿಸಿನೀರಿನಲ್ಲಿ ಕುದಿಸಿದೆ. ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ನೇಕಾರರ ಬೀದಿಗೆ ಕರೆದೊಯ್ದಳು. ಬೀದಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬ ಕಚ್ಚಾ ರೇಷ್ಮೆಯನ್ನು ಸೋಪು ನೀರಿನಲ್ಲಿ ಕುದಿಸಿ ಅಂಟು ಬಿಡಿಸುತ್ತಿದ್ದ. ಸತ್ತ ಹುಳುವಿನ ವಾಸನೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹುಳುವನ್ನು ಬೇಯಿಸಿ ತೆಗೆದ ನೂಲು ಮಡಿ, ಹೊಲದಲ್ಲಿ ಅರಳಿದ ಹತ್ತಿ ಮೈಲಿಗೆ. ಈ ಲೆಕ್ಕಾಚಾರ ಯಾವ ಮಹಾನುಭಾವನದೋ ಎಂದುಕೊಂಡು ಮೂಗು ಮುಚ್ಚಿ ನಡೆದೆ.

ನೇಕಾರ ಐವತ್ತರ ಆಸುಪಾಸಿನವನು. ಕೆಟ್ಟ ಬಾಯಿ, ಕೆಂಪು ಹಲ್ಲು, ಬನಿಯನ್ನಿನ ಕಂಕುಳಲ್ಲಿ ಹಳದಿ ಕಲೆ. ಮೊದಲ ಸೀರೆ ವಾಪಸ್ಸು ಬಂದ ಅವಮಾನವನ್ನು ಅವನು ಮರೆತಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡು ಹೆಂಡತಿಗೆ ತೆಲುಗಿನಲ್ಲಿ ಏನೋ ಅಂದ. ಪೊಲೀಸಮ್ಮ ಬಂದಿದ್ದಾಳೆ ಎಂಬ ಅರ್ಥದ್ದು ಎಂದು ಅತ್ತೆ ಆಮೇಲೆ ಹೇಳಿದಳು. ಹೆಂಡತಿ ನಗುಮುಖದವಳು, ನನಗೆ ಚಾಪೆ ಹಾಸಿದಳು. ಚಾಪೆಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳಿತ್ತು. ಅದನ್ನು ನೋಡುತ್ತಾ, ಅದರಿಂದ ದೂರ ಸರಿಯುತ್ತಾ, ಕಾವಲು ಶುರು ಮಾಡಿದೆ.

ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಗಂಡ ಕೂರುತ್ತಾನೆ, ಅವನ ಎಡಕ್ಕೆ ಹೆಂಡತಿ. ಸೀರೆಯ ಒಡಲು ಅರಿಸಿನ, ಅಂಚು ಕುಂಕುಮದ ಕೆಂಪು. ಅಡ್ಡ ಎಳೆಯನ್ನು ಹೊತ್ತು ಓಡುವ ಲಾಳಿ ಒಡಲಿಗೆ ಒಂದು, ಎರಡು ಅಂಚಿಗೆ ಬೇರೆ ಎರಡು. ಎಡದ ಅಂಚಿನ ಲಾಳಿಯನ್ನು ಹೆಂಡತಿ ಎಸೆಯಬೇಕು, ಪ್ರತಿ ಸಲವೂ ಅಂಚಿನ ಎಳೆ ಒಡಲಿನ ಎಳೆಗೆ ಕೊಂಡಿ ಹಾಕಿಕೊಳ್ಳಬೇಕು. ಅವಳಿಲ್ಲದೆ ಅವನಿಲ್ಲ, ಒಬ್ಬರೇ ಕುಳಿತರೆ ಸೀರೆ ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಮೊದಲ ದಿನ ನಾನು ಅವನಿಂದ ಹೊಗೆಸೊಪ್ಪು ಬಿಡಿಸಿದೆ. ಬೇಕಾದರೆ ಹೊರಗೆ ಹೋಗಿ ಹಾಕಿಕೊಳ್ಳಲಿ, ಬಾಯಿ ಮುಕ್ಕಳಿಸಿ ಬರಲಿ ಎಂದೆ. ಗೊಣಗಿದ, ಒಪ್ಪಿದ. ಕೆಲಸ ಸಾಗಿತು. ನಾನು ಗೆದ್ದೆನೆಂದುಕೊಂಡು ಕುಳಿತಿದ್ದೆ. ಆಗ ಒಡಲಿನ ಲಾಳಿಯಲ್ಲಿ ನೂಲು ಮುಗಿಯಿತು. ಅವನು ಖಾಲಿ ಕಂಡಿಕೆಯನ್ನು ತೆಗೆದು, ನೂಲು ಸುತ್ತಿದ ಹೊಸ ಕಂಡಿಕೆಯನ್ನು ಲಾಳಿಯ ಹೊಟ್ಟೆಗೆ ಸಿಕ್ಕಿಸಿದ. ಲಾಳಿಯ ಪಕ್ಕಕ್ಕೆ ಒಂದು ಸಣ್ಣ ತೂತು ಇರುತ್ತದೆ, ಎಳೆ ಅದರೊಳಗಿಂದ ಹೊರಬರಬೇಕು. ಅವನು ಲಾಳಿಯನ್ನು ಎತ್ತಿ ಆ ತೂತಿಗೆ ಬಾಯಿ ಇಟ್ಟು ಸುರ್ರೆಂದು ಎಳೆದ. ಎಳೆ ಅವನ ತುಟಿಗೆ ಬಂತು. ಒದ್ದೆ ತುದಿಯನ್ನು ಬೆರಳಿನಿಂದ ಹಿಡಿದು, ಏನೂ ಆಗಿಲ್ಲವೆಂಬಂತೆ ಲಾಳಿ ಎಸೆದ.

ಚಾಪೆಯಿಂದ ಎದ್ದು ನಿಂತೆ. ಬಾಯಿ ಹಾಕಿದಿರಲ್ಲ ಎಂದು ಕೂಗಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಬಾಯಾಗೆ ಎಳೀದೆ ಎಳೆ ಹೆಂಗ್ ಬರ್ತೈತೆ? ನಮ್ಮಪ್ಪನೂ ಹಿಂಗೇ ಎಳೀತಿದ್ದ. ನಿಮ್ಮಜ್ಜಿ ಮಡಿಗೆ ಉಟ್ಕಂಡು ಕೂರ್ತಾರಲ್ಲ, ಆ ಸೀರೆನೂ ಹಿಂಗೇ ಬಂದಿರಾದು."

ಅಂದು ಅತ್ತೆಯ ಮನೆಗೆ ಬಂದು ಊಟ ಮಾಡಲಿಲ್ಲ. ಕಣ್ಣು ಮುಚ್ಚಿದರೆ ನಮ್ಮ ಮನೆಯ ಮಡಿ ಪೆಟ್ಟಿಗೆ ಕಾಣುತ್ತಿತ್ತು. ಅಜ್ಜಿಯ ರೇಷ್ಮೆ, ಅಪ್ಪನ ಪೂಜೆಯ ಪಂಚೆ, ಅವ್ವನ ಧಾರೆ ಸೀರೆ, ಎಲ್ಲವನ್ನೂ ಗುರುತಿಲ್ಲದ ಗಂಡಸರು ಗೇಣಿಗೊಮ್ಮೆ ಹೀರಿ ಕೊಟ್ಟಿದ್ದರು. ಅದನ್ನು ಉಟ್ಟುಕೊಂಡು ಅಜ್ಜಿ ನಮ್ಮನ್ನು ದೂರ ಸರಿ, ದೂರ ಸರಿ ಎನ್ನುತ್ತಿದ್ದಳು. ನಗು ಬರಬೇಕಿತ್ತು, ಓಕರಿಕೆ ಬಂತು. ಈ ಮಾತನ್ನು ಮನೆಯಲ್ಲಿ ಹೇಳಿದರೆ ಮುದುಕಿಯ ಹರಕೆ ಯಾವ ಜನ್ಮಕ್ಕೂ ತೀರುವುದಿಲ್ಲ, ಹಸಿ ಹಾಲು ಕುಡಿದುಕೊಂಡೇ ಸಾಯುತ್ತಾಳೆ. ಹೇಳದಿದ್ದರೆ ನಾನು ಕಾವಲು ಕುಳಿತದ್ದು ಯಾವ ಸುಖಕ್ಕೆ?

ಮಾರನೆಯ ದಿನ ಒಂದು ದಬ್ಬಣದಂಥ ಕೊಕ್ಕೆಯ ಸೂಜಿ ತೆಗೆದುಕೊಂಡು ಹೋದೆ. ಅದರಿಂದ ಎಳೆ ತೆಗೆಯಲು ಹೋದರೆ ರೇಷ್ಮೆ ಜೂಲು ಎದ್ದು ತುಂಡಾಯಿತು. ಮತ್ತೆ ಪ್ರಯತ್ನಿಸಿದರೆ ಮತ್ತೆ ತುಂಡು. ಅವನು ಸೂಜಿಯನ್ನು ಮೂಲೆಗೆ ಎಸೆದ. ಕೊನೆಗೆ ನಾನು ಅಜ್ಜಿಯ ಹಾಲಿನ ಉಪಾಯಕ್ಕೇ ಇಳಿದೆ: ಎಳೆ ಹೀರುವ ಮುಂಚೆ ಬಾಯಲ್ಲಿ ಒಂದು ತುಳಸಿ ಎಲೆ ಇಟ್ಟುಕೊಳ್ಳಬೇಕು. ಹೆಂಡತಿ ಬಿದ್ದು ಬಿದ್ದು ನಕ್ಕಳು. 'ಇದೇಮಿ ಮಡಿ ತಲ್ಲೀ', ಇದೆಂಥ ಮಡಿ ತಾಯಿ, ಎಂದು ಕಣ್ಣು ಒರೆಸಿಕೊಂಡಳು. ಆದರೆ ಸಂಜೆಯ ಹೊತ್ತಿಗೆ ತುಳಸಿಯನ್ನು ತಾನೇ ಬಿಡಿಸಿ ತಂದು ಗಂಡನ ಬಾಯಿಗೆ ಇಡುತ್ತಿದ್ದಳು. ಅವನು ಅದನ್ನು ಮೇಕೆಯ ಹಾಗೆ ಅಗಿಯುತ್ತಾ ನನ್ನನ್ನು ದುರುಗುಟ್ಟುತ್ತಿದ್ದ. ಹಸಿರು ಎಂಜಲು, ಕೆಂಪು ಹಲ್ಲು. ನಾನು ಕಾಯುತ್ತಿದ್ದ ಪಾವಿತ್ರ್ಯ ನೋಡಲು ಹೀಗಿತ್ತು.

ಸೀರೆ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಒಂದು ಬೆಳಿಗ್ಗೆ ಹೋದಾಗ ಮಗ್ಗ ಸುಮ್ಮನಿತ್ತು. ಹೆಂಡತಿ ಹೊರಗೆ ಜಗಲಿಯ ತುದಿಯಲ್ಲಿ ಕುಳಿತಿದ್ದಳು. ಮುಟ್ಟಾಗಿದ್ದಾಳೆ ಎಂದು ತಿಳಿಯಿತು. ಬೇರೆ ಸೀರೆಗಳಿಗೆ ಇದನ್ನೆಲ್ಲ ನೋಡುತ್ತೀರಾ ಎಂದು ಕೇಳಿದೆ. ನೋಡುತ್ತಾ ಕುಳಿತರೆ ಹೊಟ್ಟೆಗೆ ಏನು ಗತಿ, ಅಂಥ ದಿನಗಳಲ್ಲೂ ಕೂರುತ್ತೇನೆ ಎಂದಳು. ಹಾಗಾದರೆ ಇದಕ್ಕೂ ಕೂರಬಹುದಲ್ಲ, ನಾನೇನೂ ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು.

"ದ್ಯಾವ್ರ ಸೀರೆ ಅಂತ ನೀನೇ ದಿನಾ ಹೇಳ್ದೆ. ಈಗ ನನ್ ಕೈ ಬರಲ್ಲಮ್ಮ."

ನಾನೇ ಕಟ್ಟಿದ ಮಡಿ ನನ್ನ ಕಾಲಿಗೇ ತೊಡರಿತು. ಮೈಯಿಂದ ತಾನಾಗಿ ಹರಿಯುವುದಕ್ಕೆ ಒಬ್ಬ ಹೆಂಗಸು ಜಗಲಿಗೆ ಹೋಗಿ ಕೂರುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿ ನನ್ನನ್ನೂ ಹಾಗೆ ಕೂರಿಸುತ್ತಿದ್ದರು. ಈಗ ಅವಳನ್ನು ಅಲ್ಲಿ ಕೂರಿಸಿದವಳು ನಾನೇ ಆಗಿದ್ದೆ. ಅಂದು ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ. ಅಜ್ಜಿ ಬೆಳಿಗ್ಗೆ ತುಳಸಿ ಕಟ್ಟೆಯ ಹತ್ತಿರ ಕುಸಿದಿದ್ದಳಂತೆ. ಡಾಕ್ಟರು ಗಂಜಿಯಾದರೂ ಕುಡಿಸಿ ಎಂದಿದ್ದರಂತೆ, ಅವಳು ಹಲ್ಲು ಕಚ್ಚಿ ಮಲಗಿದ್ದಳಂತೆ. ಅವ್ವನ ದನಿಯಲ್ಲಿ ಅಳು ಕೂಡ ಉಳಿದಿರಲಿಲ್ಲ. ಬೇಗ ತಗೊಂಡು ಬಾ ಎಂದಷ್ಟೇ ಹೇಳಿ ಇಟ್ಟಳು.

ನೇಕಾರನ ಮನೆಗೆ ವಾಪಸ್ಸು ಹೋಗಿ, ಬಾವಿಕಟ್ಟೆಯಲ್ಲಿ ತಲೆಯ ಮೇಲೆ ಎರಡು ಕೊಡ ಸುರಿದುಕೊಂಡು, ಹೆಂಡತಿಯ ಜಾಗದಲ್ಲಿ ಕುಳಿತೆ. ಕುಣಿಯ ಅಂಚು ಜನ ಕುಳಿತು ಕುಳಿತು ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಒಳಗಿನಿಂದ ಹಳೆಯ ಬೆವರು, ತೇವದ ಮಣ್ಣು, ಕಾಲುಬೆರಳಿನ ವಾಸನೆ. ಮೂಗಿನಿಂದ ಉಸಿರಾಡುವುದನ್ನು ಬಿಟ್ಟೆ. ಅವಳು ಜಗಲಿಯಿಂದಲೇ ಹೇಳಿಕೊಟ್ಟಳು, ಅವನು ಬೈದು ಕಲಿಸಿದ. ನನ್ನ ಲಾಳಿ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು, ಎಳೆ ಸಡಿಲಾಗುತ್ತಿತ್ತು. ನಿದ್ದೆ ಬಂತಾ ತಾಯಿ ಎಂದು ಅವನು ಪ್ರತಿ ಸಲವೂ ಕೇಳುತ್ತಿದ್ದ. ನಾನು ಕುಳಿತಷ್ಟು ಉದ್ದಕ್ಕೂ ಅಂಚು ಅಲೆಯಲೆಯಾಗಿ ಬಂದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಆಮೇಲೆ ನನ್ನ ಲಾಳಿಯ ನೂಲು ಮುಗಿಯಿತು.

ಅವನು ಹೊಸ ಕಂಡಿಕೆ ಸಿಕ್ಕಿಸಿ ಲಾಳಿಯನ್ನು ನನ್ನ ಕೈಗೆ ಕೊಟ್ಟ. ತಾನು ಎಳೆದುಕೊಡಬಹುದಿತ್ತು. ಕೊಡಲಿಲ್ಲ, ಮುಖ ನೋಡುತ್ತಾ ಕುಳಿತ. ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಾಯಿತು. ಲಾಳಿಯ ತೂತಿನ ಸುತ್ತ ಮರ ಕಪ್ಪಗೆ ತುಟಿಯ ಆಕಾರಕ್ಕೆ ಸವೆದಿತ್ತು. ಅವಳ ತುಟಿ, ಅವಳಿಗಿಂತ ಮೊದಲು ಅವಳ ಅತ್ತೆಯದು, ಇನ್ನೂ ಯಾರ್‍ಯಾರದೋ. ಅವರೆಲ್ಲರ ಎಲೆ ಅಡಿಕೆ, ಹುಳಿತೇಗು, ಹಲ್ಲುನೋವು. ಇನ್ನೊಬ್ಬರ ಲೋಟದಲ್ಲಿ ನೀರು ಕುಡಿಯದ ನಾನು ಅದನ್ನು ಹಿಡಿದು ಕುಳಿತೆ. ಚಳ್ಳಕೆರೆಯಲ್ಲಿ ಹಲ್ಲು ಕಚ್ಚಿ ಮಲಗಿದ ಮುದುಕಿ ನೆನಪಾದಳು. ಬಾಯಿ ಇಟ್ಟೆ.

ಮೊದಲು ಮರದ ಒಗರು, ಮೇಲೆ ಉಪ್ಪು. ವಾಂತಿ ಗಂಟಲಿಗೆ ಬಂತು, ನುಂಗಿದೆ. ಉಸಿರು ಎಳೆದೆ. ಎಳೆ ಬರಲಿಲ್ಲ. ಮತ್ತೆ, ಎದೆಯ ತಳದಿಂದ ಎಳೆದೆ. ಮಗ್ಗದ ಸದ್ದು ನಿಂತಿತ್ತು. ನನ್ನ ಉಸಿರೊಂದೇ ಕೇಳುತ್ತಿತ್ತು. ಆಗ ಕೂದಲಿಗಿಂತ ತೆಳ್ಳಗಿನದೊಂದು ತಣ್ಣಗೆ ನಾಲಿಗೆಯ ತುದಿಗೆ ಬಂದು ಕುಳಿತಿತು.

ನನಗೆ ದೇವರು ಗೀವರು ಕಾಣಲಿಲ್ಲ, ಕಂಡೆನೆಂದು ಹೇಳುವವರ ಜಾತಿ ನನ್ನದಲ್ಲ. ಆದರೆ ಗಂಟೆ, ಮಂತ್ರ, ಆರತಿ ಎಷ್ಟು ವರ್ಷ ನಡೆದರೂ ಒಮ್ಮೆಯೂ ತಾನಾಗಿ ಬಾಗದ ನನ್ನ ತಲೆ ಆ ಲಾಳಿಯ ಮೇಲೆ ಬಾಗಿತ್ತು. ಲಾಳಿ ಓಡುವಾಗ ಅದು ಬರಿಯ ಕೆಲಸ. ಓಡಿ ನಿಂತು ಮತ್ತೆ ಓಡುವ ಮುಂಚಿನ ಆ ಬಿಡುವಿನಲ್ಲಿ ಮನುಷ್ಯ ತನ್ನ ಉಸಿರನ್ನು ಕೊಟ್ಟು ಎಳೆಯನ್ನು ಈಚೆಗೆ ಕರೆಯಬೇಕು. ಇದಕ್ಕಿಂತ ಹತ್ತಿರದ ಪೂಜೆಯನ್ನು ನಾನು ಎಲ್ಲಿಯೂ ಮಾಡಿಲ್ಲ. ಹೇಸಿಗೆ ಹೋಯಿತೇ ಎಂದರೆ ಇಲ್ಲ. ಪ್ರತಿ ಕಂಡಿಕೆಗೂ ಹೇಸಿಕೊಂಡೇ ಎಳೆದೆ. ತುಳಸಿ ಬೇಕಾ ಎಂದು ಅವನು ಕೇಳಿದ. ಬೇಡ ಎಂದೆ.

ಹೆಂಡತಿ ಮಿಂದು ಒಳಗೆ ಬಂದ ದಿನ ಸೆರಗು ಮುಗಿಯುವುದರಲ್ಲಿತ್ತು. ಕೊನೆಯ ಗೇಣನ್ನು ಅವಳೇ ಕುಳಿತು ಮುಗಿಸಿದಳು. ಸೀರೆ ಕತ್ತರಿಸಿ, ಮಡಿಸಿ, ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವನು ಬಾಗಿಲ ತನಕ ಬಂದವನು, ನಾನು ತಿರುಗುವ ಮೊದಲೇ ಹೊಗೆಸೊಪ್ಪಿನ ಡಬ್ಬಿ ತೆಗೆದ.

ಚಳ್ಳಕೆರೆಯ ಮನೆಯಲ್ಲಿ ಅಜ್ಜಿಯನ್ನು ಅಪ್ಪ ಎತ್ತಿಕೊಂಡು ಬಂದು ದೇವರ ಕೋಣೆಯ ಗೋಡೆಗೆ ಒರಗಿಸಿ ಕೂರಿಸಿದ. ಒಡೆದ ಹಾಲಿನ ವಾಸನೆ ಎಂದಿನಂತೆಯೇ ಇತ್ತು. ಅಜ್ಜಿ ಮಣೆಯ ಮೇಲೆ ಸೀರೆಯನ್ನು ಬಿಡಿಸಿದಳು. ಕಲೆ ಹುಡುಕಿದಳು, ಮೂಸಿದಳು, ಸಿಗಲಿಲ್ಲ. ಆಮೇಲೆ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸುತ್ತಾ ಹೋದವಳು ಒಂದು ಕಡೆ ನಿಲ್ಲಿಸಿದಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ತಿಳಿಯಿತು.

"ಇಲ್ಲೇನು, ಅಂಚು ಹಿಂಗೆ ಕುಣಿದೈತೆ?"

ಅವ್ವ ನನ್ನ ಮುಖ ನೋಡಿದಳು. ಏನಾದರೊಂದು ಹೇಳಿ ಮುಗಿಸು ಎಂಬಂತಿತ್ತು ಆ ನೋಟ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ನಾಲಿಗೆಯ ಮೇಲೆ ಬಂದು ಕುಳಿತಿದ್ದ ಎಳೆ ಈಗ ಅವಳ ಹೆಬ್ಬೆರಳಿನ ಕೆಳಗಿತ್ತು.

"ಅಲ್ಲಿ ನಾನು ಕೂತಿದ್ದೆ ಅಜ್ಜಿ. ಎಳೆನ ಬಾಯಾಗೆ ಎಳೀಬೇಕು. ಎಲ್ಲಾ ಸೀರೆನೂ ಹಂಗೇ ಅಂತೆ. ಇದ್ರಾಗೆ ನನ್ ಎಂಜಲೂ ಐತೆ."

ಅಪ್ಪ ಕಣ್ಣು ಮುಚ್ಚಿಕೊಂಡ. ನಾನು ಗೋಡೆಗೆ ಒರಗಿಸಿದ್ದ ಕೋಲನ್ನೇ ನೋಡುತ್ತಿದ್ದೆ. ಅಜ್ಜಿಯ ಹೆಬ್ಬೆರಳು ಆ ಸೊಟ್ಟ ಅಂಚಿನ ಮೇಲೆ ಬಹಳ ಹೊತ್ತು ಹಿಂದಕ್ಕೂ ಮುಂದಕ್ಕೂ ಓಡಾಡಿತು. ಆಮೇಲೆ ಅವಳು ಕೈ ಚಾಚಿದ್ದು ಕೋಲಿಗಲ್ಲ, ನನ್ನ ಮುಖಕ್ಕೆ. ಜ್ವರ ನೋಡುವವರ ಹಾಗೆ ಹಣೆ ಮುಟ್ಟಿದಳು, ಗಲ್ಲ ಮುಟ್ಟಿದಳು. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಸೀರೆಯನ್ನು ತಾನೇ ನೆರಿಗೆ ಹಿಡಿದು, ದೇವಿಯ ಬೆಳ್ಳಿ ಮುಖ ಕಟ್ಟಿದ ಕಳಸಕ್ಕೆ ಉಡಿಸಿದಳು. ಅವ್ವ ನೆರವಿಗೆ ಬಂದರೆ ಮೊಣಕೈಯಿಂದ ತಳ್ಳಿದಳು. ಅಲೆಯಲೆಯಾದ ಅಂಚು ಬೆಳ್ಳಿಯ ಮುಖದ ಕೆಳಗೆ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಬಂತು. ಬೇಕೆಂದೇ ಹಾಗೆ ಉಡಿಸಿದಳೋ, ಕಣ್ಣು ಕಾಣದೆ ಹಾಗಾಯಿತೋ ನಾನು ಕೇಳಲಿಲ್ಲ.

ಪೂಜೆ ಮುಗಿಯಿತು. ತೀರ್ಥ ಕೊಟ್ಟಾಗ ನಾನು ಹಳೆಯ ಅಭ್ಯಾಸದಂತೆ ಬೆರಳ ಸಂದಿಯಿಂದ ನೆಲಕ್ಕೆ ಬಿಟ್ಟೆ. ಅಜ್ಜಿ ಅದನ್ನು ನೋಡಿದಳು. ಅವ್ವ ಒಳಗಿನಿಂದ ಬಟ್ಟಲಿನಲ್ಲಿ ಗಂಜಿ ತಂದಳು. ಮೇಲೆ ಅದೇ ಕೆನೆ ಕಟ್ಟಿತ್ತು. ಅಜ್ಜಿ ಬಟ್ಟಲನ್ನು ತೆಗೆದುಕೊಳ್ಳದೆ ನನ್ನತ್ತ ಗದ್ದ ಆಡಿಸಿದಳು.

"ಸುಡ್ತೈತೇನೋ. ನೋಡಿ ಕೊಡು."

ಊದಿ ಕೊಡಬಹುದಿತ್ತು. ನಾನು ಚಮಚವನ್ನು ತುಟಿಗೆ ತಾಗಿಸಿ ನೋಡಿದೆ. ಕೆನೆ ತುಟಿಗೆ ಅಂಟಿತು, ಮೈ ಜುಮ್ಮೆಂದಿತು. ಸುಡುತ್ತಿರಲಿಲ್ಲ. ಅದೇ ಚಮಚವನ್ನು ಅವಳ ಬಾಯಿಗೆ ಇಟ್ಟೆ. ಅಜ್ಜಿ ಕುಡಿದಳು, ಇನ್ನೊಂದಕ್ಕೆ ಬಾಯಿ ತೆರೆದಳು.